ಸೋರಿಯಾಸಿಸ್ ಇರೋ ಮೈಗೆ ಲಂಗ ಹೊಲಿಯೋದು, ಎಣ್ಣೆ ಹಚ್ಚೋದು

ನನ್ನ ಸೊಂಟದ ಸುತ್ತ ಒಂದು ಗೆರೆ ಇತ್ತು. ಅರ್ಧ ಇಂಚು ಅಗಲ, ಕೆಂಪಗೆ, ಮೇಲೆ ಬೆಳ್ಳಗಿನ ಹೊಟ್ಟು. ಒಳಲಂಗದ ಲಾಡಿ ಎಲ್ಲಿ ಬಿಗೀತಿದ್ನೋ ಸರಿಯಾಗಿ ಅಲ್ಲೇ. ಗಂಟು ಬೀಳೋ ಎಡಮಗ್ಗುಲಲ್ಲಿ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಬಿಲ್ಲೆ. ಹಾಸನದಲ್ಲಿ ಹೆಂಗಸರ ಬಟ್ಟೆ ಹೊಲಿಯೋ ಅಂಗಡಿ ಇಟ್ಕೊಂಡು 16 ವರ್ಷ ಆಯ್ತು, ಎಷ್ಟು ಲಂಗಕ್ಕೆ ಲಾಡಿ ಪೋಣಿಸಿದ್ದೀನೋ ಲೆಕ್ಕ ಇಲ್ಲ. ಆದರೆ ಆ ಲಾಡಿ ನನ್ನ ಮೈಮೇಲೇ ಗೆರೆ ಎಳೆದ ಮೇಲೆ ಸೋರಿಯಾಸಿಸ್ ಅನ್ನೋ ಈ ಚರ್ಮದ ಕಾಯಿಲೆಯ ಗುಣ ತಿಳೀತು. ಎಲ್ಲಿ ಉಜ್ಜುತ್ತೋ ಅಲ್ಲಿ ಏಳುತ್ತೆ.

ಡಾಕ್ಟರಿಗೆ ತೋರಿಸಿದಾಗ ಅವರು ನಕ್ಕು, ಇದನ್ನ 19ನೇ ಶತಮಾನದಲ್ಲೇ ಕೊಬ್ನರ್ ಅನ್ನೋ ಜರ್ಮನ್ ವೈದ್ಯರು ಗುರುತಿಸಿದ್ದಾರೆ ಕಣಮ್ಮ ಅಂದ್ರು. ಗೀರು, ತರಚು, ಸುಟ್ಟಗಾಯ, ಬಿಗಿತ ಏನಾದರೂ ಆದ ಜಾಗದಲ್ಲಿ ಒಂದೆರಡು ವಾರ ಕಳೆದು ಹೊಸ ಕಲೆ ಏಳಬಹುದಂತೆ. ಎಲ್ಲರಿಗೂ ಹೀಗಾಗಲ್ಲ. ನನಗೆ ಆಗುತ್ತೆ. ಮಾಮೂಲಿ ಚರ್ಮ ತಳದಿಂದ ಮೇಲಕ್ಕೆ ಬಂದು ಉದುರೋಕೆ ಹೆಚ್ಚುಕಮ್ಮಿ ಒಂದು ತಿಂಗಳು ಬೇಕು. ನಮ್ಮ ಕಲೆಗಳಲ್ಲಿ ಅದು ನಾಲ್ಕೈದು ದಿನಕ್ಕೇ ಓಡಿ ಬಂದು ಒಂದರ ಮೇಲೊಂದು ಕೂರುತ್ತೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿ ಅತಿಯಾಗಿ ಕೆರಳಿ ಹೀಗೆ ಮಾಡಿಸುತ್ತೆ. ಒಳಗಿನ ಆ ಕೆರಳಿಕೆಗೆ ಡಾಕ್ಟರು ಬೇಕು. ಹೊರಗಿನ ಉಜ್ಜಾಟ ಮಾತ್ರ ನಮ್ಮ ಕೈಲಿದೆ. ನಾನು ಇಲ್ಲಿ ಹೇಳೋದರಲ್ಲಿ ಮುಕ್ಕಾಲು ಪಾಲು ಅದೇ.

ಸ್ನಾನದಿಂದ ಶುರು ಮಾಡ್ತೀನಿ, ಯಾಕಂದ್ರೆ ನಾನು ತುಂಬಾ ವರ್ಷ ತಪ್ಪು ಮಾಡಿದ್ದು ಅಲ್ಲೇ. ನಮ್ಮೂರನ್ನ ಬಡವರ ಊಟಿ ಅಂತಾರೆ. ಚಳಿಗೆ ಹಂಡೆ ತುಂಬಾ ಕಾಯಿಸಿ, ಬೆನ್ನು ಕೆಂಪಾಗೋ ಹಾಗೆ ಹೊಯ್ಕೊಂಡ್ರೇನೇ ಸ್ನಾನ ಅನ್ನೋ ಮನೆ ನಮ್ಮದು. ನವೆ ಇರೋ ಮೊಣಕಾಲ ಮೇಲೆ ಸುಡುಸುಡು ನೀರು ಬಿದ್ದಾಗ ಸಿಗೋ ಸುಖ ಇದೆಯಲ್ಲ, ಅದನ್ನ ಈ ಕಾಯಿಲೆ ಇರೋರಿಗೆ ಮಾತ್ರ ಗೊತ್ತು. ಅರ್ಧ ಗಂಟೆ ಆದ ಮೇಲೆ ಅದೇ ಜಾಗ ಬಿರಿದು, ದುಪ್ಪಟ್ಟು ಕೆರೆಯುತ್ತೆ. ಈಗ ನಾನು ಹಸುಗೂಸಿಗೆ ಎರೆಯೋ ಹದದ ನೀರು ಮಾಡ್ಕೊಳ್ತೀನಿ, ಹತ್ತು ನಿಮಿಷದ ಒಳಗೆ ಮುಗಿಸ್ತೀನಿ. ಸೋಪು ಕಂಕುಳಿಗೆ, ತೊಡೆಸಂದಿಗೆ, ಪಾದಕ್ಕೆ ಮಾತ್ರ, ಅದೂ ಘಮಘಮ ಅನ್ನದ ಸೋಪು. ಹೀರೆಕಾಯಿ ನಾರು, ಮೈ ಉಜ್ಜೋ ಕಲ್ಲು ಎರಡನ್ನೂ ಬಚ್ಚಲಿಂದ ಹೊರಗೆ ಹಾಕಿದೆ. ಹೊಟ್ಟನ್ನ ತಿಕ್ಕಿ ತೆಗೆದ್ರೆ ಕೆಳಗೆ ಸಣ್ಣ ಸಣ್ಣ ರಕ್ತದ ಚುಕ್ಕೆ ಕಾಣುತ್ತೆ, ನೋಡಿದ್ದೀರಾ? ತಿಕ್ಕಿದ್ದಕ್ಕೆ ಮತ್ತೆ ಹೊಸ ಕಲೆ.

ಮೈ ಒರೆಸೋಕೆ ಟರ್ಕಿ ಟವೆಲ್ ಬೇಡ. ನಮ್ಮನೆಯವರ ಸವೆದ ಪಂಚೆಯನ್ನ ನಾಲ್ಕು ತುಂಡು ಮಾಡಿ ಅಂಚು ಹೊಲಿದಿಟ್ಟಿದ್ದೀನಿ. ಅದನ್ನ ಮೈಗೆ ಒತ್ತಿ ಒತ್ತಿ ನೀರು ತೆಗೀಬೇಕು, ಎಳೀಬಾರದು. ಇನ್ನೂ ಸ್ವಲ್ಪ ಪಸೆ ಇರೋವಾಗಲೇ, ಎರಡು ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಬೇಕು. ಪಸೆಯನ್ನ ಒಳಗೇ ಹಿಡಿದಿಡೋದು ಅದರ ಕೆಲಸ, ಪೂರ್ತಿ ಒಣಗಿದ ಮೇಲೆ ಹಚ್ಚಿದ್ರೆ ಅರ್ಧ ಲಾಭ ಹೋಯ್ತು. ರಾತ್ರಿ ನನಗೆ ಪೆಟ್ರೋಲಿಯಂ ಜೆಲ್ಲಿ. ಅಗ್ಗ, ವಾಸನೆ ಇಲ್ಲ, ಬಿರುಕಿಗೂ ಉರಿಯಲ್ಲ. ಹಗಲು ಅದಾಗಲ್ಲ, ಗಿರಾಕಿಯ ರೇಷ್ಮೆ ಪೀಸಿಗೆ ಜಿಡ್ಡು ತಗುಲಿದ್ರೆ ಸೀರೆ ಕೊಡಿಸಬೇಕಾಗುತ್ತೆ. ಅದಕ್ಕೆ ಬೆಳಿಗ್ಗೆ ತೆಳ್ಳಗಿನ ಕ್ರೀಮು, ಹಚ್ಚಿ ಕಾಲು ಗಂಟೆ ಬಿಟ್ಟು ಅಂಗಡಿ ಬೀಗ ತೆಗೆಯೋದು. ಕೊಬ್ಬರಿ ಎಣ್ಣೆಯೂ ಆಗುತ್ತೆ, ನಮ್ಮತ್ತೆ ಸಮಾಧಾನಕ್ಕೆ ಕಾಲಿಗೆ ಅದೇ. ಕೂದಲು ಬೆಳೆಯೋ ದಿಕ್ಕಿಗೆ, ಮೇಲಿಂದ ಕೆಳಕ್ಕೆ ಸವರಿ. ಗರಗರ ಉಜ್ಜಿದ್ರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತೆ.

ಒಂದು ಎಚ್ಚರಿಕೆ. ಜೆಲ್ಲಿ, ಪ್ಯಾರಾಫಿನ್ ಇರೋ ಮುಲಾಮು ಹೀರಿದ ಬಟ್ಟೆಗೆ ಕಿಡಿ ತಗುಲಿದ್ರೆ ಬೇಗ ಹೊತ್ಕೊಳ್ಳುತ್ತೆ, ಒಗೆದ್ರೂ ಆ ಜಿಡ್ಡು ಪೂರ್ತಿ ಹೋಗಲ್ಲ. ರಾತ್ರಿ ನೈಟಿಯಲ್ಲೇ ಹಂಡೆ ಒಲೆಗೆ ಸೌದೆ ತಳ್ಳೋಕೆ ಕೂರಬೇಡಿ, ದೀಪಾವಳಿ ಹಣತೆ ಹಚ್ಚೋಕೂ ಹೋಗಬೇಡಿ. ಅದಕ್ಕೆ ಬೇರೆ ಬಟ್ಟೆ ಹಾಕ್ಕೊಳ್ಳಿ.

ಇನ್ನು ಬಟ್ಟೆ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ, ನನ್ನ ಕಸುಬು.

ಲಾಡಿ ಲಂಗ ಬಿಟ್ಟುಬಿಡಿ. ಸೀರೆ ಉಡೋರಿಗೆ ಸೊಂಟದಲ್ಲಿ ಬಿಗಿ ಬೇಕೇ ಬೇಕು, ಇಲ್ಲಾಂದ್ರೆ ನೆರಿಗೆ ನಿಲ್ಲಲ್ಲ. ಆದರೆ ಆ ಬಿಗಿಯೆಲ್ಲ ಒಂದು ದಾರದ ಮೇಲೆ ಬೀಳಬಾರದು, ಹರಡ್ಕೋಬೇಕು. ಲಂಗದ ಮೇಲ್ಭಾಗಕ್ಕೆ 4 ಇಂಚು ಅಗಲದ ಪಟ್ಟಿ ಕತ್ತರಿಸ್ಕೊಳ್ಳಿ, ಬಟ್ಟೆಯನ್ನ ಕ್ರಾಸ್, ಅಂದ್ರೆ ಓರೆಯಾಗಿ, ಇಟ್ಟು ಕತ್ತರಿಸಿದ್ರೆ ಸ್ವಲ್ಪ ಹಿಗ್ಗುತ್ತೆ, ಕೂತಾಗ ಕೊರೆಯಲ್ಲ. ಪಟ್ಟಿಯ ಒಳಮೈಗೆ ಹಳೇ ಮಲ್ ಸೀರೆ, ಅಂದ್ರೆ ತೆಳ್ಳಗಿನ ಮೆತ್ತನೆ ಹತ್ತಿ ಸೀರೆ, ಎರಡು ಪದರ. ಹೊಲಿಗೆಯ ಅಂಚೆಲ್ಲ ಹೊರಗಡೆಗೆ ಬರಬೇಕು, ಒಳಗೆ ಬೆರಳಾಡಿಸಿದ್ರೆ ಏನೂ ತಡೀಬಾರದು. ಪಕ್ಕದಲ್ಲಿ ಚಪ್ಪಟೆ ಹುಕ್ಸು ಎರಡು ಸಾಲು, ಅರ್ಧ ಇಂಚು ಅಂತರದಲ್ಲಿ. ಹೊಟ್ಟೆ ಉಬ್ಬರಿಸಿದ ದಿನ ಹೊರಗಿನ ಸಾಲಿಗೆ ಹಾಕ್ಕೋಬಹುದು. ನಾನು ಎರಡು ಥರದ ಲಂಗ ಮಾಡ್ಕೊಂಡಿದ್ದೀನಿ, ಒಂದು ಸರಿಯಾಗಿ ಸೊಂಟದಲ್ಲಿ, ಇನ್ನೊಂದು ಎರಡು ಇಂಚು ಕೆಳಗೆ ಕೂರೋದು. ದಿನ ಬಿಟ್ಟು ದಿನ ಬದಲಿಸ್ತೀನಿ. ಹೀಗೆ ಮಾಡಿ ನಾಲ್ಕು ತಿಂಗಳಿಗೆ ಸೊಂಟದ ಗೆರೆ ಮಾಸಿ ತಿಳಿಗಂದಾಯ್ತು. ಮುಲಾಮೂ ಹಚ್ತಿದ್ದೆ ಅನ್ನಿ, ಪೂರ್ತಿ ಕೀರ್ತಿ ಲಂಗಕ್ಕೇ ಕೊಡಲ್ಲ.

ಮೊಣಕೈಗೆ ಬನಿಯನ್ ತೋಳು. ಮಿಷನ್ ಹಲಗೆ ಮೇಲೆ ದಿನವಿಡೀ ಮೊಣಕೈ ಊರೋ ನನಗೆ ಎರಡೂ ಕಡೆ ಅಂಗೈಯಗಲ ದಡ್ಡುಗಟ್ಟಿದ ಕಲೆ ಇದ್ದವು. ಗಂಡಸರ ಹಳೇ ಹತ್ತಿ ಬನಿಯನ್ನಿಂದ 8 ಇಂಚು ಉದ್ದದ ಕೊಳವೆ ಹೊಲೀರಿ, ಸುತ್ತಳತೆ ಮೊಣಕೈ ಮಡಚಿದಾಗಿನ ಅಳತೆಗಿಂತ ಅರ್ಧ ಇಂಚು ಜಾಸ್ತಿ. ಇದನ್ನೂ ಹೊಲಿಗೆ ಹೊರಗೆ ಬರೋ ಹಾಗೆ ತಿರುಗಿಸಿ ಹಾಕ್ಕೊಳ್ಳಿ. ಎಲಾಸ್ಟಿಕ್ ಬೇಡವೇ ಬೇಡ. ಒಳಗೆ ಕ್ರೀಮು ಹಚ್ಚಿ ಮೇಲೆ ಇದನ್ನ ಏರಿಸಿದ್ರೆ ಕ್ರೀಮು ಅಲ್ಲೇ ನಿಲ್ಲುತ್ತೆ, ಹಲಗೆ ಉಜ್ಜಲ್ಲ, ಗಿರಾಕಿ ಬಟ್ಟೆಯೂ ಉಳಿಯುತ್ತೆ. ಆಫೀಸಲ್ಲಿ ಮೇಜಿಗೆ ಕೈಯೂರಿ ಕೂರೋರಿಗೂ ಇದೇ ಆಗುತ್ತೆ, ತೋಳಿನ ಒಳಗೆ ಯಾರಿಗೂ ಕಾಣಲ್ಲ.

ಹೆಂಗಸರು ಡಾಕ್ಟರ ಹತ್ತಿರವೂ ಹೇಳದೆ ನುಂಗ್ಕೊಳ್ಳೋ ಜಾಗ ಎದೆಯ ಕೆಳಗಿನ ಮಡಿಕೆ. ಅಲ್ಲಿ ಹೊಟ್ಟು ಇರಲ್ಲ, ಬರೀ ಕೆಂಪಗೆ ಹೊಳೆಯುತ್ತೆ, ಬೆವರು ಬಿದ್ರೆ ಪ್ರಾಣ ಹೋಗುತ್ತೆ. ಅದೂ ಸೋರಿಯಾಸಿಸ್ಸೇ ಇರಬಹುದು, ಬೂಷ್ಟಿನ ಸೋಂಕೂ ಇರಬಹುದು, ತೋರಿಸದೆ ಗೊತ್ತಾಗಲ್ಲ. ಬ್ರಾ ಪಟ್ಟಿಯ ಕೆಳಗೆ ಮಲ್ ಬಟ್ಟೆಯ ತೆಳ್ಳಗಿನ ಪಟ್ಟಿ ಇಟ್ಟು, ಮಧ್ಯಾಹ್ನ ಒಂದು ಸಲ ಬದಲಿಸಿ. ಬ್ಲೌಸಿಗೆ ಲೈನಿಂಗ್ ಹಾಕಿಸೋವಾಗ ಸ್ಯಾಟಿನ್, ಕ್ರೇಪ್ ಬೇಡ ಅನ್ನಿ, ಹತ್ತಿಯದೇ ಕೇಳಿ. ಕಂಕುಳ ಹೊಲಿಗೆಗೆ ಓವರ್‌ಲಾಕ್ ದಾರ ಗರಗಸದ ಥರ ಇರುತ್ತೆ, ಅದರ ಮೇಲೊಂದು ಮೆತ್ತನೆ ಪಟ್ಟಿ ಮುಚ್ಚಿಸಿ. ಯಾವ ಟೈಲರೂ ಬೇಡ ಅನ್ನಲ್ಲ, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೇಳಬಹುದು. ಹೊಸ ಬಟ್ಟೆಯನ್ನ ಎರಡು ಸಲ ಒಗೆದು ಗಂಜಿ ಬಿಡಿಸಿ ಉಡಿ. ಕೊನೇ ನೀರಿಗೆ ಹಾಕೋ ಪರಿಮಳದ ದ್ರಾವಣ ನಿಲ್ಲಿಸಿ.

ಬಣ್ಣದ ಮಾತು ಬಂದ್ರೆ ಒಂದು ಕಥೆ ಹೇಳಲೇಬೇಕು. ಮದುವೆ ಹುಡುಗಿಯೊಬ್ಬಳ ಕಪ್ಪು ವೆಲ್ವೆಟ್ ಬ್ಲೌಸು. ಕೊಡೋ ದಿನ ಮಡಿಸಿ ಕೈಗಿಟ್ಟೆ, ಅವಳು ಬಿಡಿಸಿದ್ಲು. ತೋಳಿನ ಮೇಲೆಲ್ಲ ಬಿಳೀ ಪುಡಿ. ನನ್ನ ತಲೆಯಿಂದ ಉದುರಿದ್ದು. "ಇದೇನಕ್ಕಾ, ಚಾಕ್ ಪೌಡರಾ?" ಅಂದ್ಲು. ನಾನು ಹೂಂ ಅಂದುಬಿಟ್ಟೆ. ಟೈಲರಿಗೆ ಮಾರ್ಕಿಂಗ್ ಚಾಕ್ ಅನ್ನೋ ನೆಪ ಇದ್ದೇ ಇರುತ್ತಲ್ಲ. ಅವಳು ಫೂ ಅಂತ ಊದಿದ್ಲು, ಅದು ನನ್ನ ಮುಖಕ್ಕೇ ಬಂತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಆಮೇಲೆ ಕಪ್ಪು, ನೇವಿ ಬಣ್ಣದ ಬಟ್ಟೆ ಕತ್ತರಿಸೋ ದಿನ ತಲೆಗೆ ಹತ್ತಿ ವಸ್ತ್ರ ಕಟ್ಟೋದು, ಮುಗಿಸಿದ ಮೇಲೆ ಬಟ್ಟೆ ಬ್ರಷ್ ಎಳೆಯೋದು ರೂಢಿಯಾಯ್ತು. ಯಾರಾದ್ರೂ ಕೇಳಿದ್ರೆ, ಸೋರಿಯಾಸಿಸ್ಸು, ಮುಟ್ಟಿದ್ರೆ ಅಂಟಲ್ಲ, ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದ್ರೂ ಬರಲ್ಲ ಅಂತೀನಿ. ಅಷ್ಟರಲ್ಲಿ ಟೇಪು ಹಿಡಿದು ಅಳತೆ ಶುರು ಮಾಡಿರ್ತೀನಿ. ಇಬ್ಬರು ಗಿರಾಕಿ ಮತ್ತೆ ಬರಲಿಲ್ಲ. ಇರಲಿ.

ತಲೆಗೆ ನನ್ನ ಕ್ರಮ ಇದು. ಶನಿವಾರ ರಾತ್ರಿ ಡಾಕ್ಟರು ಬರೆದ, ಹೊಟ್ಟು ಸಡಿಲಿಸೋ ಸ್ಯಾಲಿಸಿಲಿಕ್ ಆಸಿಡ್ ಇರೋ ಎಣ್ಣೆ, ಕೂದಲಿಗಲ್ಲ, ಬೈತಲೆ ಬೈತಲೆ ಬಿಡಿಸಿ ಬುಡಕ್ಕೆ. ಭಾನುವಾರ ಬೆಳಿಗ್ಗೆ ಕೋಲ್ ಟಾರ್ ಶಾಂಪು ಹಾಕಿ ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆಯೋದು. ರಸ್ತೆಗೆ ಡಾಂಬರು ಹಾಕೋವಾಗ ಬರುತ್ತಲ್ಲ, ಅದೇ ವಾಸನೆ, ನನ್ನ ಮಗ ಬಚ್ಚಲ ಬಾಗಿಲಲ್ಲಿ ನಿಂತು ರೋಡ್ ರೋಲರ್ ಸದ್ದು ಮಾಡ್ತಾನೆ. ಬಿಳೀ ಟವೆಲ್ ಹತ್ತಿರ ಇಡಬೇಡಿ, ಕಲೆ ಹೋಗಲ್ಲ. ಸೀಗೇಪುಡಿ ನನಗೆ ಬಿರುಕಿಗೆ ಬೆಂಕಿ ಇಟ್ಟ ಹಾಗಾಗುತ್ತೆ. ಹೇನಿನ ಬಾಚಣಿಗೆಯಲ್ಲಿ ಹೊಟ್ಟು ಕೀಳೋಕೆ ಹೋಗಬೇಡಿ, ಕೂದಲೂ ಬರುತ್ತೆ, ರಕ್ತಾನೂ ಬರುತ್ತೆ.

ರಾತ್ರಿ ಕೆರೆತಕ್ಕೆ ಉಗುರು ಕತ್ತರಿಸಿಟ್ಕೊಳ್ಳೋದು ಮೊದಲು. ಕ್ರೀಮಿನ ಡಬ್ಬಿ ಫ್ರಿಜ್ಜಲ್ಲಿ ಹಾಲಿನ ಪಕ್ಕ ಇರಲಿ, ತಣ್ಣಗೆ ಹಚ್ಚಿದ್ರೆ ನವೆ ತಕ್ಷಣಕ್ಕೆ ಇಳಿಯುತ್ತೆ. ಇಲ್ಲಾಂದ್ರೆ ಒದ್ದೆ ಬಟ್ಟೆ ಐದು ನಿಮಿಷ. ಕೈ ತಡೀಲಿಲ್ಲ ಅಂದ್ರೆ ಅಂಗೈಯಲ್ಲಿ ತಟ್ಟಿ, ಕೆರೀಬೇಡಿ.

ಔಷಧಿಯಲ್ಲಿ ನಾನು ತಿಂದ ಪೆಟ್ಟು ಹೇಳ್ತೀನಿ. ಮೊದಲ ವರ್ಷ ಡಾಕ್ಟರ ಹತ್ತಿರ ಹೋಗದೆ ಒಂದು ಮೆಡಿಕಲ್ ಶಾಪಲ್ಲಿ ಕೈ ತೋರಿಸಿದೆ. ಹುಳುಕಡ್ಡಿ ಇರಬೇಕು ಅಂತ ಒಂದು ಟ್ಯೂಬ್ ಕೊಟ್ರು, ಸ್ಟೀರಾಯ್ಡು, ಬೂಷ್ಟಿನ ಔಷಧಿ, ಆ್ಯಂಟಿಬಯಾಟಿಕ್ಕು ಮೂರೂ ಬೆರೆತಿದ್ದು. ಒಂದು ವಾರಕ್ಕೆ ಮಾಯ! ಎಂಟು ತಿಂಗಳು ಅದನ್ನೇ ಹಚ್ಚಿದೆ. ಮೊಣಕೈ ಒಳಮಡಿಕೆಯಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯ್ತು, ನೀಲಿ ನರ ಕಂಡವು, ಬಸುರಿಯ ಹೊಟ್ಟೆ ಮೇಲೆ ಬರೋ ಥರ ಬಿರುಕುಗೆರೆ ಬಿದ್ದವು. ನಿಲ್ಲಿಸಿದ್ದೇ ತಡ, ಮೊದಲಿಗಿಂತ ಎರಡರಷ್ಟು ಎದ್ದು ಬಂತು. ಆ ಗೆರೆ ಇವತ್ತಿಗೂ ಇವೆ.

ಸ್ಟೀರಾಯ್ಡ್ ಮುಲಾಮು ವಿಷ ಅಲ್ಲ, ಅಳತೆ ಇಲ್ಲದೆ ಹಚ್ಚೋದು ತಪ್ಪು. ಅಳತೆ ಸುಲಭ. ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬ್ ಒತ್ತಿದ್ರೆ ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಗಲದ ಜಾಗಕ್ಕೆ ಸಾಕು. ನನಗೆ ಬರೆದುಕೊಟ್ಟಿದ್ದು ಎರಡು ವಾರ ದಿನಕ್ಕೊಂದು ಸಲ, ಆಮೇಲೆ ಶನಿವಾರ ಭಾನುವಾರ ಮಾತ್ರ, ನಡುವಿನ ದಿನಗಳಲ್ಲಿ ಕ್ಯಾಲ್ಸಿಪೋಟ್ರಿಯಾಲ್ ಅನ್ನೋ ಸ್ಟೀರಾಯ್ಡ್ ಅಲ್ಲದ ಮುಲಾಮು. ನಿಮ್ಮ ಲೆಕ್ಕ ಬೇರೆ ಇರುತ್ತೆ. ಮೊಣಕಾಲಿಗೆ ಕೊಟ್ಟ ಜೋರು ಟ್ಯೂಬನ್ನ ಮುಖಕ್ಕೆ, ತೊಡೆಸಂದಿಗೆ ಎಳೀಬೇಡಿ. ಬೇರೇನಕ್ಕೋ ಅಂತ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಕೊಟ್ರೆ ಸೋರಿಯಾಸಿಸ್ ಇದೆ ಅಂತ ಮೊದಲೇ ಹೇಳಿ, ಆ ಮಾತ್ರೆಯನ್ನ ತಟ್ಟನೆ ನಿಲ್ಲಿಸಿದ್ರೆ ಕಾಯಿಲೆ ಕೆಟ್ಟದಾಗಿ ತಿರುಗಬಹುದು.

ಎರಡು ವರ್ಷದಿಂದ, ಒಳಗಿನ ಆ ಕೆರಳಿಕೆ ತಗ್ಗಿಸೋ ಮೆಥೋಟ್ರೆಕ್ಸೇಟ್ ಮಾತ್ರೆ ತಿಂತಿದ್ದೀನಿ. ಇದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ತಿಂದ್ರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರುತ್ತೆ. ಗೋಡೆ ಕ್ಯಾಲೆಂಡರಲ್ಲಿ ಭಾನುವಾರಗಳಿಗೆಲ್ಲ ಚಾಕಲ್ಲಿ ಸುತ್ತು ಹಾಕಿದ್ದೀನಿ, ನುಂಗಿದ ಮೇಲೆ ಅಡ್ಡ ಗೀಟು. ಅದರ ಅಡ್ಡ ಪರಿಣಾಮ ತಗ್ಗಿಸೋ ಫೋಲಿಕ್ ಆಸಿಡ್ ಬೇರೆ ದಿನ. ಲಿವರ್ರು, ರಕ್ತಕಣದ ಪರೀಕ್ಷೆ ಹೇಳಿದ ಹೊತ್ತಿಗೆ ಮಾಡಿಸಲೇಬೇಕು. ಬಸುರಿಯಾಗಬೇಕು ಅಂತಿರೋ ಹೆಣ್ಣುಮಕ್ಕಳು, ಮಗು ಬೇಕು ಅಂತಿರೋ ಗಂಡಸರೂ ಅಷ್ಟೇ, ಮಾತ್ರೆ ಶುರು ಮಾಡೋ ಮುಂಚೆ ಬಾಯಿಬಿಟ್ಟು ಹೇಳಿ. ಹೆಣ್ಣುಮಕ್ಕಳಿಗೆ ಬಸಿರಲ್ಲಿ ಇದು ಕೂಡದು.

ಊಟದ ವಿಷಯಕ್ಕೆ ಬಂದ್ರೆ ಹಾಸನದಲ್ಲಿ ಎಲ್ಲರೂ ವೈದ್ಯರೇ. "ಇದು ನಂಜು ಕಣವ್ವ, ಬದ್ನೆಕಾಯಿ ಮುಟ್ಬ್ಯಾಡ, ಮೀನು ತಿನ್ಬ್ಯಾಡ" ಅಂತ ಲಂಗದ ಅಳತೆ ಕೊಡೋಕೆ ಬಂದ ಅಜ್ಜಿ ಹೇಳಿ ಹೋಗ್ತಾರೆ. ಎರಡು ವರ್ಷ ಬದನೆಕಾಯಿ ಬಿಟ್ಟೆ. ಕಲೆ ಒಂದು ಕೂದಲಷ್ಟೂ ಕದಲಲಿಲ್ಲ. ಯಾವುದೋ ಒಂದು ಪದಾರ್ಥ ಬಿಟ್ರೆ ವಾಸಿ ಅನ್ನೋದಕ್ಕೆ ಆಧಾರ ಇಲ್ಲ, ತೂಕ ಜಾಸ್ತಿ ಇದ್ರೆ ಇಳಿಸಿದ್ರೆ ಉಪಯೋಗ, ಬೀಡಿ ಸಿಗರೇಟು ಹೆಂಡದಿಂದ ಕೆಡುಕು ಅಂದ್ರು ಡಾಕ್ಟರು. ಅವತ್ತೇ ಸಂಜೆ ಎಣ್ಣೆಗಾಯಿ ಮಾಡಿದೆ. ನಮ್ಮತ್ತೆಗೆ ಇದು ನಾಗದೋಷ ಅನ್ನೋ ನಂಬಿಕೆ. ಅವರ ಜೊತೆ ರಾಮನಾಥಪುರದ ಸುಬ್ರಹ್ಮಣ್ಯನಿಗೆ ಹೋಗಿ ಬರ್ತೀನಿ, ಕಾವೇರಿ ದಂಡೆ ಚೆನ್ನಾಗಿದೆ, ಅವರಿಗೂ ನೆಮ್ಮದಿ. ಮಾತ್ರೆ ಮಾತ್ರ ತಪ್ಪಿಸಲ್ಲ.

ನನಗೆ ಕಾಯಿಲೆ ಉಲ್ಬಣ ಆಗೋ ಕಾಲ ಗೊತ್ತಾಗಿಬಿಟ್ಟಿದೆ. ಆಶ್ವಯುಜದಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆಗೀತಾರೆ, ವರ್ಷಕ್ಕೆ ಅದೊಂದೇ ಸಲ. ಊರೆಲ್ಲ ನೆಂಟರು, ಹಿಂದೆಯೇ ದೀಪಾವಳಿ. ಎಲ್ಲರಿಗೂ ಬ್ಲೌಸು ನಾಳೆಯೇ ಬೇಕು. ರಾತ್ರಿ ಎರಡರವರೆಗೆ ಪೆಡಲ್ ತುಳಿದು, ನಿದ್ದೆಗೆಟ್ಟು, ಹೊರಗೆ ಒಣ ಚಳಿ ಶುರುವಾಗಿ, ಮೂರೂ ಸೇರಿ ಕಾರ್ತೀಕದ ಹೊತ್ತಿಗೆ ಮೈ ತುಂಬಾ ಎದ್ದಿರ್ತಿತ್ತು. ವಿಶ್ವ ಸೋರಿಯಾಸಿಸ್ ದಿನ ಅಕ್ಟೋಬರ್ 29ಕ್ಕೆ ಬರುತ್ತೆ, ನನ್ನ ಕ್ಯಾಲೆಂಡರ್ ನೋಡೇ ಇಟ್ಟ ಹಾಗೆ. ಈಗ ಗಣೇಶನ ಹಬ್ಬ ಕಳೆದ ಕೂಡಲೇ ಜೆಲ್ಲಿ ದಿನಕ್ಕೆರಡು ಸಲ ಮಾಡ್ತೀನಿ, ಆರ್ಡರ್ ಪುಸ್ತಕದಲ್ಲಿ 40 ಬ್ಲೌಸಿಗೆ ಗೆರೆ ಎಳೆದು ಆಮೇಲೆ ಬಂದೋರಿಗೆ ಕೈ ಮುಗೀತೀನಿ. ದುಡ್ಡು ಕಡಿಮೆಯಾಯ್ತು, ಸುಳ್ಳಲ್ಲ. ಮಳೆಗಾಲದಲ್ಲಿ ತೊಂದರೆ ಬೇರೆ, ಬಟ್ಟೆ ಒಣಗಲ್ಲ. ಹಸಿ ಹಸಿ ಲಂಗ ಉಡಬೇಡಿ, ಇಸ್ತ್ರಿ ಪೆಟ್ಟಿಗೆ ಹಾಯಿಸಿ. ಗಂಟಲು ನೋವು, ಜ್ವರ ಬಂದು ಎರಡು ಮೂರು ವಾರದಲ್ಲಿ ಮೈಮೇಲೆ ಹನಿ ಹನಿಯಾಗಿ ಕಲೆ ಎದ್ರೆ, ಮಕ್ಕಳಲ್ಲಂತೂ, ತಡ ಮಾಡದೆ ತೋರಿಸಿ. ಬೆಳಗಿನ ಎಳೆಬಿಸಿಲು ಹತ್ತು ನಿಮಿಷ ಕೈಕಾಲಿಗೆ ಬಿದ್ರೆ ನನಗೆ ಒಳ್ಳೇದು, ಡಾಕ್ಟರನ್ನ ಕೇಳಿಯೇ ಕೂತಿದ್ದು. ಚರ್ಮ ಕೆಂಪಾಗೋವರೆಗೆ ಕೂತ್ರೆ ಬಿಸಿಲೂ ಒಂದು ಗಾಯವೇ.

ಬೆರಳುಗಳನ್ನ ಗಮನಿಸ್ತಾ ಇರಿ. ನನ್ನ ಎಡಗೈ ಉಗುರಿನ ಮೇಲೆ ಸೂಜಿಮೊನೆ ಒತ್ತಿದ ಹಾಗೆ ಗುಳಿಗಳು ಬಿದ್ದಿವೆ, ಹೊಲಿಯೋವಾಗ ಬೆರಳಿಗೆ ಹಾಕೋ ಅಂಗುಸ್ತಾನದ ಥರಾನೇ. ಸೋರಿಯಾಸಿಸ್ ಇರೋ ಹತ್ತು ಜನರಲ್ಲಿ ಮೂವರವರೆಗೂ ಕೀಲುವಾತ ಬರಬಹುದು, ಉಗುರು ಕೆಟ್ಟವರಿಗೆ ಸಾಧ್ಯತೆ ಇನ್ನೂ ಹೆಚ್ಚು. ಬೆಳಿಗ್ಗೆ ಎದ್ದಾಗ ಕೈ ಮಡಚೋಕಾಗದೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿದಿದ್ರೆ, ಒಂದು ಬೆರಳು ಪೂರ್ತಿ ಊದಿಕೊಂಡ್ರೆ, ಹಿಮ್ಮಡಿ ನೆಲಕ್ಕೂರೋಕೆ ನೋವಾದ್ರೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ. ಕೀಲು ಸವೆದ ಮೇಲೆ ಮೊದಲಿನ ಹಾಗಾಗಲ್ಲ, ನಾನು ಕತ್ತರಿ ಹಿಡಿಯೋ ಕೈ ಕಳ್ಕೊಳ್ಳೋಕೆ ತಯಾರಿಲ್ಲ. ಮೈಯೆಲ್ಲ ಒಮ್ಮೆಲೇ ಕೆಂಪಾಗಿ ನಡುಕ, ಜ್ವರ ಬಂದ್ರೆ, ಕೀವಿನ ಗುಳ್ಳೆ ಗುಂಪಾಗಿ ಎದ್ರೆ ಅವತ್ತೇ ಆಸ್ಪತ್ರೆಗೆ ಹೊರಡಿ.

ಡಾಕ್ಟರ ಹತ್ತಿರ ಹೋಗೋವಾಗ ಕಳಚೋಕೆ ಸುಲಭ ಇರೋ ಬಟ್ಟೆ ಹಾಕ್ಕೊಂಡು ಹೋಗಿ, ತಲೆಗೆ ಹೂ ಬೇಡ. ಹೊರಡೋ ದಿನ ಕಾಯಿಲೆ ಸಂಕೋಚಪಟ್ಟು ಒಳಗೆ ಕೂತಿರುತ್ತೆ, ಅದಕ್ಕೆ ಜೋರಾಗಿದ್ದ ದಿನದ ಫೋಟೋ ಮೊಬೈಲಲ್ಲಿ ಇಟ್ಕೊಳ್ಳಿ. ಇದುವರೆಗೆ ಹಚ್ಚಿದ, ನುಂಗಿದ ಎಲ್ಲದರ ಖಾಲಿ ಟ್ಯೂಬು, ಪಟ್ಟಿ ತಗೊಂಡು ಹೋಗಿ, ಬಿಪಿ ಮಾತ್ರೆಯದೂ ಸೇರಿಸಿ, ಕೆಲವು ಬಿಪಿ ಮಾತ್ರೆ ಇದನ್ನ ಕೆರಳಿಸುತ್ತವೆ. ಅಳಲೆಕಾಯಿ ಪಂಡಿತರ ಪೊಟ್ಟಣ ಇದ್ರೆ ಅದನ್ನೂ ಮುಚ್ಚಿಡಬೇಡಿ. ನನ್ನವೆಲ್ಲ ಉಳಿದ ಬ್ಲೌಸ್ ಪೀಸಲ್ಲಿ ಹೊಲಿದ ಒಂದು ಚೀಲದಲ್ಲಿರುತ್ತವೆ. ಬಾಯಿಗೆ ನನ್ನ ಹಳೇ ಲಂಗದ ಲಾಡಿ ಪೋಣಿಸಿದ್ದೀನಿ. ಅಲ್ಲಿ ಎಷ್ಟು ಬಿಗಿದ್ರೂ ಪರವಾಗಿಲ್ಲ.